ಕೀಲಿ ಚಿಕ್ಕಮ್ಮ ಯಾರವಳು

ಮಾರ್ಚ್ 11

ಮಾನ್ಯರೇ,

'ಸೂಜಿ' ಎಂಬ ಅಡ್ಡಹೆಸರಿನಲ್ಲಿ ಕಥೆಗಳ ಜಾಲತಾಣವೊಂದರಲ್ಲಿ ಬರೆಯುತ್ತಿರುವವರು ನೀವೇ ಎಂದು ನನ್ನ ಪ್ರಕಾಶಕರು ಪತ್ತೆ ಮಾಡಿದ್ದಾರೆ. ನೀವು ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿರುವುದರಿಂದ ಈ ಕಾಗದ ಅಲ್ಲಿಗೇ ಬರುತ್ತಿದೆ.

ಕೀಲಿ ಚಿಕ್ಕಮ್ಮ ನನ್ನವಳು. ಬೀಗ ರಿಪೇರಿ ಮಾಡುತ್ತ, ಅಕ್ಕನ ಮಗಳನ್ನು ಸಾಕುತ್ತ, ಕೀಲಿ ಕಳೆದುಕೊಂಡವರ ಬಾಗಿಲು ತೆಗೆಯಲು ಹೋಗಿ ಆ ಮನೆಗಳ ಗುಟ್ಟೆಲ್ಲ ಅರಿಯುವ ಈ ಹೆಂಗಸನ್ನು ಇಪ್ಪತ್ತೇಳು ವರ್ಷ, ಎಂಟು ಕಾದಂಬರಿಗಳಲ್ಲಿ ಬೆಳೆಸಿದವಳು ನಾನು. ಅವಳ ಬಾಯಿಂದ ಬಂದ ಒಂದೊಂದು ಮಾತೂ ನನ್ನದು. ಎಂಟನೆಯ ಪುಸ್ತಕದ ಕೊನೆಯಲ್ಲಿ ಅವಳು ಅಂಗಡಿ ಮುಚ್ಚಿ ಬಸ್ಸು ಹತ್ತಿದಳು. ಎಲ್ಲಿಗೆ ಹೋದಳೆಂದು ನನಗೆ ಗೊತ್ತು. ಉಳಿದವರು ನಾನು ಹೇಳುವತನಕ ಕಾಯಬೇಕು.

ನಿಮ್ಮ ಕಥೆಗಳನ್ನು ನಾನು ಓದಿಲ್ಲ, ಓದುವುದೂ ಇಲ್ಲ. ವಕೀಲನಾದ ನನ್ನ ತಮ್ಮ ಹಾಗೆ ಕಟ್ಟುನಿಟ್ಟಾಗಿ ಹೇಳಿದ್ದಾನೆ. ನಾಳೆ ನನ್ನ ಪುಸ್ತಕದಲ್ಲಿ ಅಂಥದೇ ಮಾತು ಬಂದರೆ, ಕದ್ದವಳು ನಾನೇ ಎಂದು ನೀವು ಊರೆಲ್ಲ ಸಾರಬಹುದಂತೆ. ಆದರೆ ಬಾಳಿ ಬದುಕಿದ ಒಬ್ಬ ಹೆಂಗಸನ್ನು ಅಕ್ಕನ ಮಗಳ ಮನೆಯ ಮೆಟ್ಟಿಲ ಮೇಲೆ ದಿಕ್ಕಿಲ್ಲದವಳಂತೆ ಕೂರಿಸುವ ಹಕ್ಕನ್ನು ನಿಮಗೆ ಯಾರು ಕೊಟ್ಟರು ಎಂದು ಮಾತ್ರ ಕೇಳುತ್ತೇನೆ.

ಹತ್ತು ದಿನದೊಳಗೆ ಮೂರೂ ಕಥೆಗಳನ್ನು ತೆಗೆದುಹಾಕಿ. ಇಲ್ಲದಿದ್ದರೆ ಮುಂದಿನ ಕಾಗದ ತಮ್ಮನಿಂದ ಬರುತ್ತದೆ.

ಕೀಲಿ ಚಿಕ್ಕಮ್ಮನ ಲೇಖಕಿ


ಮಾರ್ಚ್ 17

ಗೌರವಾನ್ವಿತ ಲೇಖಕಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದಾಗ ನನ್ನ ಕೈಯಲ್ಲಿ ಯಾರದೋ ರಕ್ತ ಹಚ್ಚಿದ ಗಾಜಿತ್ತು. ನಮ್ಮಲ್ಲಿ ಕಣಗಳನ್ನು ಎಣಿಸುವುದು ಯಂತ್ರ. ಅದಕ್ಕೆ ಅನುಮಾನ ಬಂದ ಗಾಜನ್ನು ಮಾತ್ರ ನಾನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿ ಹೇಳಬೇಕು. ಆ ಗಾಜನ್ನು ಬದಿಗಿಟ್ಟು, ಕೈ ತೊಳೆದು, ಕಾಗದವನ್ನು ನಾಲ್ಕು ಸಲ ಓದಿದೆ. ನಿಮ್ಮ ಕೈಬರಹ ನನ್ನ ಹೆಸರಿಗೆ ಬಂತೆಂದು ಖುಷಿ ಪಡುವುದೋ, ಬೈದದ್ದಕ್ಕೆ ಹೆದರುವುದೋ ತಿಳಿಯಲಿಲ್ಲ. ಎರಡೂ ಆಯಿತು.

ತೆಗೆಯಲೇಬೇಕೆಂದರೆ ತೆಗೆಯುತ್ತೇನೆ. ಅದರಿಂದ ನನಗೆ ಬಿಡಿಗಾಸೂ ಬಂದಿಲ್ಲ. ಎಂಟನೆಯ ಪುಸ್ತಕ ಬಂದು ಆರು ವರ್ಷವಾಯಿತು. ಚಿಕ್ಕಮ್ಮ ಬಸ್ಸಿನಲ್ಲೇ ಕೂತಿದ್ದಾಳೆ. ನನ್ನ ಅತ್ತೆ ಸಂಜೆ ತರಕಾರಿ ಹೆಚ್ಚುತ್ತ, "ಆ ಯಮ್ಮ ಇಳಿದಳೋ ಇಲ್ಲವೋ" ಎಂದು ಕೇಳುತ್ತಲೇ ಇದ್ದರು. ಕೇಳಿ ಕೇಳಿ ನಾನೇ ಇಳಿಸಿದೆ. ಅಕ್ಕನ ಮಗಳ ಮನೆಯ ಹೊಸ ಬೀಗವನ್ನು ಅವಳು ತೆಗೆಯುತ್ತಾಳೆ, ಒಳಗೆ ಹೋಗದೆ ಮತ್ತೆ ಹಾಕುತ್ತಾಳೆ, ಮೆಟ್ಟಿಲ ಮೇಲೆ ಕೂರುತ್ತಾಳೆ. ಅಷ್ಟೇ ನನ್ನ ಕಥೆ.

ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಕಥೆಗಳನ್ನು ಓದಿಲ್ಲ ಎಂದಿದ್ದೀರಿ. ಮೆಟ್ಟಿಲ ವಿಷಯ ಬರುವುದು ಮೂರನೆಯ ಕಥೆಯ ಕಟ್ಟಕಡೆಯ ಸಾಲಿನಲ್ಲಿ. ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದಾಗ ಅವರು ಚಾಕು ಕೆಳಗಿಟ್ಟು, "ಕೊನೇತನಕ ಓದಿದ್ದಾರೆ ಬಿಡೇ" ಎಂದು ನಕ್ಕರು. ಹಾಗಿದ್ದರೆ ಅದರಲ್ಲಿ ತಪ್ಪೇನಾಗಿದೆ ಎಂದು ದಯವಿಟ್ಟು ತಿಳಿಸಿ. ಬೈಗುಳವಾದರೂ ಸರಿ, ನಿಮ್ಮಿಂದ ಕಲಿಯುತ್ತೇನೆ.

ನಿಮ್ಮ ಅಭಿಮಾನಿ,
ಸೂಜಿ


ಮಾರ್ಚ್ 21

ಮಾನ್ಯರೇ,

ಓದಿದ್ದೇನೆ. ತಮ್ಮನಿಗೆ ಗೊತ್ತಿಲ್ಲ. ಈಗ ನೀವು ನಗುವುದನ್ನು ನಿಲ್ಲಿಸಿ ಕೇಳಿ.

ನನ್ನ ಒಂಬತ್ತನೆಯ ಕಾದಂಬರಿ ಸಿದ್ಧವಾಗಿದೆ. ಅದರ ಕೊನೆಯ ಅಧ್ಯಾಯದಲ್ಲಿ ಚಿಕ್ಕಮ್ಮ ಅಕ್ಕನ ಮಗಳ ಬಾಗಿಲಿನ ಬೀಗ ತೆಗೆದು, ಒಳಗೆ ಹೋಗದೆ, ಮತ್ತೆ ಹಾಕುತ್ತಾಳೆ. ಟೈಪಾದ ಪ್ರತಿ ಒಂದೇ ಒಂದು, ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದು ಪ್ರಕಾಶಕರ ಕಣ್ಣಿಗೂ ಬಿದ್ದಿಲ್ಲ. ಅದನ್ನು ಓದಿದವರು ಇಬ್ಬರೇ, ನಾನು ಮತ್ತು ಇಪ್ಪತ್ತಮೂರು ವರ್ಷದಿಂದ ನನ್ನ ಪೆನ್ಸಿಲ್ ಬರಹವನ್ನು ಟೈಪ್ ಮಾಡಿಕೊಡುತ್ತಿರುವ ಹೆಂಗಸು. ಫೆಬ್ರವರಿಯಲ್ಲಿ ಅವಳು ಟೈಪ್ ಮಾಡಿದಳು. ಮಾರ್ಚ್ ಮೊದಲ ವಾರ ಅದು ನಿಮ್ಮ ಹೆಸರಿನಲ್ಲಿ ಜಗಜ್ಜಾಹೀರಾಯಿತು.

ಮೊನ್ನೆ ಅವಳನ್ನು ಎದುರಿಗೆ ನಿಲ್ಲಿಸಿ ಕೇಳಿದೆ. "ನನ್ನ ಚಿಕ್ಕಮ್ಮನ ಮೇಲೆ ಕೈ ಹಾಕಿದ್ದೀಯಾ?" ಅವಳ ಮುಖ ಬಿಳಿಚಿಕೊಂಡಿತು. "ಹೌದಮ್ಮಾ. ಎಷ್ಟೋ ದಿನದಿಂದ ಹೇಳಬೇಕು ಅಂತಿದ್ದೆ" ಎಂದಳು. ಮುಂದೆ ಕೇಳುವಷ್ಟು ಸಹನೆ ನನಗೆ ಉಳಿಯಲಿಲ್ಲ. ಹೊರಗೆ ಹೋಗೆಂದೆ. ಕನ್ನಡಕದ ಡಬ್ಬಿಯನ್ನೂ ಮರೆತು ಹೋದಳು. ಅವಳನ್ನು ನಂಬಬಾರದೆಂದು ಪ್ರಕಾಶಕರಿಗೆ ತಿಳಿಸಿದ್ದೇನೆ. ಅಲ್ಲಿಂದ ಅವಳಿಗೆ ಸಿಗುತ್ತಿದ್ದ ಕರಡು ತಿದ್ದುವ ಕೆಲಸವೂ ನಿಂತಿದೆ.

ತಪ್ಪೊಪ್ಪಿಕೊಂಡ ಕಳ್ಳಿ ನನ್ನ ಹತ್ತಿರ ಇದ್ದಾಳೆ. ಕದ್ದ ಮಾಲು ತೆಗೆದುಕೊಂಡವರು ನೀವು. ಅವಳು ಅದನ್ನು ಹೇಗೆ ಕಳಿಸಿದಳು, ಏಕೆ ಕಳಿಸಿದಳು ಎಂದು ಮರುಟಪಾಲಿನಲ್ಲಿ ಬರೆಯಿರಿ. ಕಲಿಯುವ ಮಾತು ಆಮೇಲೆ.

ಕೀಲಿ ಚಿಕ್ಕಮ್ಮನ ಲೇಖಕಿ


ಮಾರ್ಚ್ 26

ಲೇಖಕಿಯವರಿಗೆ,

ನಿಮ್ಮ ಟೈಪಿಸ್ಟ್ ಯಾರೆಂದು ನನಗೆ ಗೊತ್ತಿಲ್ಲ. ಅಂಥವರೊಬ್ಬರು ಇದ್ದಾರೆಂಬುದೇ ನಿಮ್ಮ ಕಾಗದದಿಂದ ತಿಳಿಯಿತು. ಅವರು ಏಕೆ ಹೌದೆಂದರೋ ನನಗೆ ಅರ್ಥವಾಗುತ್ತಿಲ್ಲ, ಹೆದರಿ ಅಂದಿರಬಹುದು. ದೊಡ್ಡವರು ಗದರಿದಾಗ ಮಾಡದ್ದನ್ನೂ ಒಪ್ಪಿಕೊಳ್ಳುವವರನ್ನು ನಾನು ದಿನಾ ನೋಡುತ್ತೇನೆ. ನನ್ನಿಂದ ಒಬ್ಬರ ಅನ್ನ ಹೋಯಿತೆಂದು ತಿಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ದಯವಿಟ್ಟು ಅವರನ್ನು ವಾಪಸು ಕರೆಸಿಕೊಳ್ಳಿ.

ಆ ಬಾಗಿಲು ನನಗೆ ಹೇಗೆ ಹೊಳೆಯಿತೆಂದು ಹೇಳುತ್ತೇನೆ, ನೀವೇ ಪರೀಕ್ಷಿಸಿ. ಯಾರ ಮನೆಯ ಬೀಗ ತೆಗೆದರೂ ಚಿಕ್ಕಮ್ಮ ಒಳಗೆ ಕಾಲಿಡುವುದಿಲ್ಲ. "ಬೀಗ ತೆಗೆದಾಯ್ತು. ಒಳಗೆ ಬರಲೋ ಬೇಡವೋ ನೀವೇ ಹೇಳಿ" ಎಂದು ಹೊಸ್ತಿಲಾಚೆ ನಿಲ್ಲುತ್ತಾಳೆ. ಓದುವವರೆಲ್ಲ ಅವಳಿಗೆ ಮನಸೋತದ್ದು ಅಲ್ಲೇ. ಕೇಳದೆ ನುಗ್ಗಿದ್ದು ಒಂದೇ ಸಲ, ಎಂಟನೆಯ ಪುಸ್ತಕದಲ್ಲಿ ಅಕ್ಕನ ಮಗಳ ಬೀರು ತೆಗೆದು ಅವಳ ಕಾಗದಗಳನ್ನು ಓದಿದಾಗ. ಅದರಿಂದಲೇ ಮನೆ ಮುರಿಯಿತು. ಹಾಗೆ ಸುಟ್ಟುಕೊಂಡವಳು ವಾಪಸು ಬಂದಾಗ ಬೀಗ ತೆಗೆದು ಕೇಳುತ್ತಾಳೆ, ಒಳಗಿನವಳು ಮಾತಾಡುವುದಿಲ್ಲ, ಇವಳು ಬೀಗ ಮತ್ತೆ ಹಾಕುತ್ತಾಳೆ. ಬೇರೆ ಹೇಗೆ ತಾನೇ ಆದೀತು? ಗಮನವಿಟ್ಟು ಓದಿದ ಯಾರೇ ಆದರೂ ಅಲ್ಲಿಗೇ ಬರುತ್ತಾರೆ.

ಒಂದು ವಿಷಯ ಮೊದಲಿಂದ ಕುತೂಹಲ. ಮೊದಲ ಎರಡು ಪುಸ್ತಕಗಳಲ್ಲಿ ಚಿಕ್ಕಮ್ಮ ಹೀಗೆ ಕೇಳುವುದೇ ಇಲ್ಲ, ಬೀಗ ತೆಗೆದು ಧಡಧಡ ಒಳಗೆ ಹೋಗುತ್ತಾಳೆ. ಮೂರನೆಯದರಿಂದ ಅವಳೇ ಬೇರೆ. ಒಂದೇ ಗಾಜಿನ ಮೇಲೆ ಇಬ್ಬರ ರಕ್ತ ಇದ್ದಂತೆ ಕಾಣುತ್ತದೆ. ಆಗ ನಿಮ್ಮ ಬದುಕಿನಲ್ಲಿ ಏನಾದರೂ ನಡೆಯಿತೇ?

ಸೂಜಿ


ಏಪ್ರಿಲ್ 2

ಮಾನ್ಯರೇ,

ನೀವಿಬ್ಬರೂ ಕೂಡಿಕೊಂಡು ಚೆನ್ನಾಗಿಯೇ ಕಥೆ ಕಟ್ಟಿದ್ದೀರಿ.

ಏನು ನಡೆಯಿತೆಂದು ಕೇಳಿದಿರಲ್ಲ. ಆ ವರ್ಷ ನನ್ನ ಗಂಡ ತೀರಿಕೊಂಡರು. ಇದು ಗುಟ್ಟೇನಲ್ಲ. ನನ್ನ ದುಃಖವೇ ಚಿಕ್ಕಮ್ಮನನ್ನು ಮಾಗಿಸಿತು, ಬೇರೆಯವರ ಹೊಸ್ತಿಲಲ್ಲಿ ನಿಂತು ಕೇಳುವುದನ್ನು ಕಲಿಸಿತು ಎಂದು ಪ್ರಶಸ್ತಿಯ ವೇದಿಕೆಯ ಮೇಲೆಯೇ ಹೇಳಿದ್ದೇನೆ. ಜನ ಕಣ್ಣೊರೆಸಿಕೊಂಡಿದ್ದರು. ನಿಮಗೆ ಅದು ಇಬ್ಬರ ರಕ್ತದಂತೆ ಕಂಡರೆ ನಿಮ್ಮ ಸೂಕ್ಷ್ಮದರ್ಶಕ ತೊಳೆಸಿ.

ಎಂಟೂ ಪುಸ್ತಕಗಳ ಪೆನ್ಸಿಲ್ ಪ್ರತಿಗಳು ನನ್ನ ಮಂಚದ ಕೆಳಗಿನ ಟ್ರಂಕಿನಲ್ಲಿವೆ. ಬರೆದ ಮೇಲೆ ಅವನ್ನು ಮತ್ತೆ ನೋಡುವ ಅಭ್ಯಾಸ ನನಗಿಲ್ಲ, ನನ್ನ ಗೀಚು ನನಗೇ ಓದಲು ಬರುವುದಿಲ್ಲ. ಟೈಪಾಗಿ ಬಂದದ್ದನ್ನೇ ಓದುತ್ತೇನೆ. ಈ ಸಲ ನಿಮಗೋಸ್ಕರ ಟ್ರಂಕು ಎಳೆಸುತ್ತೇನೆ. ಆ ಮಾತುಗಳು ನನ್ನ ಕೈಯಲ್ಲೇ ಇರುವ ಪುಟಗಳ ನಕಲು ಮುಂದಿನ ವಾರ ನಿಮಗೆ ತಲುಪುತ್ತದೆ. ಚಿಕ್ಕಮ್ಮ ಯಾರವಳೆಂದು ಆಗ ಬಾಯಿ ಮುಚ್ಚಿಕೊಂಡು ಒಪ್ಪಿಕೊಳ್ಳಿ.

ಕೀಲಿ ಚಿಕ್ಕಮ್ಮನ ಲೇಖಕಿ


ಏಪ್ರಿಲ್ 19

ಲೇಖಕಿಯವರಿಗೆ,

ನಕಲು ಬರಲಿಲ್ಲ. ದಿನಾ ಟಪಾಲಿನವನನ್ನು ಕೇಳಿ ಕೇಳಿ ಅವನೀಗ ನನ್ನನ್ನು ಕಂಡರೆ ಬೇರೆ ಮೆಟ್ಟಿಲಿನಿಂದ ಹೋಗುತ್ತಾನೆ.

ಈ ನಡುವೆ ನಾನು ಸುಮ್ಮನೆ ಕೂರಲಿಲ್ಲ. ನಿಮ್ಮ ಪ್ರಕಾಶಕರ ಕಚೇರಿಯಲ್ಲಿ ವಿಚಾರಿಸಿ ನಿಮ್ಮ ಟೈಪಿಸ್ಟನ್ನು ಹುಡುಕಿದೆ. ನೋಂದಣಿ ಕಚೇರಿಯ ಗೋಡೆಯ ಪಕ್ಕ ಕೊಡೆ ಹಾಕಿಕೊಂಡು ಕೂರುವ ಅರ್ಜಿ ಬರೆಯುವವರ ಸಾಲಿನ ಕೊನೆಯಲ್ಲಿದ್ದಾರೆ. ಕೊಡೆಯ ನೆರಳು ಟೈಪ್ ಯಂತ್ರಕ್ಕೆ ಮಾತ್ರ ಸಾಲುತ್ತದೆ, ಅವರು ಬಿಸಿಲಿನಲ್ಲಿ. ನಾನು ಯಾರೆಂದು ಹೇಳಲಿಲ್ಲ. ಅತ್ತೆ ಆ ವಾರ ಜ್ವರ ಬಂದು ಹಾಸಿಗೆ ಹಿಡಿದಿದ್ದರು, ಕೈಯಲ್ಲಿ ಬರೆದ ರಜೆ ಅರ್ಜಿ ಕೊಟ್ಟು ಟೈಪ್ ಮಾಡಿಸಿಕೊಂಡೆ. ಅವರು ತಲೆಯೆತ್ತದೆ, "ಅತ್ತೆಗೆ ಹುಷಾರಿಲ್ಲ ಅಂತ ಬರೆದಿದ್ದೀರಿ. ಮನೇಲಿ ಬೇರೆ ಯಾರೂ ಇಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಅಷ್ಟೇ ಮಾತು.

ಮನೆಗೆ ಬಂದು ಓದಿದರೆ ಅರ್ಜಿಯಲ್ಲಿ ನಾನು ಬರೆಯದ ಒಂದು ಸಾಲಿತ್ತು. "ನಾನಿಲ್ಲದ ಹೊತ್ತಿನಲ್ಲಿ ಅವರು ಬಾಗಿಲು ತೆರೆಯಲೂ ಏಳಲಾರರು." ನಾನು ಅದನ್ನು ಅವರಿಗೆ ಹೇಳಿರಲಿಲ್ಲ. ಆದರೆ ನಿಜ. ಮೇಲಧಿಕಾರಿ ಆ ಸಾಲಿನ ಮೇಲೆ ಬೆರಳಿಟ್ಟು ರಜೆ ಕೊಟ್ಟರು.

ಅಂದಿನಿಂದ ನನಗೊಂದು ಅನುಮಾನ ಹತ್ತಿದೆ. ಅದನ್ನು ಬರೆಯಲು ಕೈ ಬರುತ್ತಿಲ್ಲ. ಟ್ರಂಕು ತೆಗೆದಿರಾ?

ಸೂಜಿ


ಏಪ್ರಿಲ್ 24

ಮಾನ್ಯರೇ,

ಅವಳ ಹತ್ತಿರ ಇನ್ನೊಮ್ಮೆ ಹೋಗಬೇಡಿ. ಆ ಅರ್ಜಿಯನ್ನು ಯಾರಿಗೂ ತೋರಿಸಬೇಡಿ.

ನಿಮ್ಮ ಮೂರು ಕಥೆಗಳ ಬಗ್ಗೆ ಯೋಚಿಸಿದೆ. ಅವು ಅಲ್ಲೇ ಇರಲಿ. ಬೇಕಾದರೆ ಇನ್ನೂ ಬರೆಯಿರಿ, ನನ್ನ ಆಕ್ಷೇಪವಿಲ್ಲವೆಂದು ತಮ್ಮನಿಂದ ಬರೆಸಿ ಕೊಡಿಸುತ್ತೇನೆ. ಈ ಪತ್ರವ್ಯವಹಾರ ಇಲ್ಲಿಗೆ ಮುಗಿಯಿತೆಂದು ತಿಳಿಯೋಣ.

ಲೇಖಕಿ


ಏಪ್ರಿಲ್ 29

ಲೇಖಕಿಯವರಿಗೆ,

ಕಥೆಗಳನ್ನು ಈವತ್ತು ಬೆಳಿಗ್ಗೆ ತೆಗೆದುಹಾಕಿದೆ. ಬಾಯಿ ಮುಚ್ಚಿಸಲು ಕೊಟ್ಟ ಅನುಮತಿ ನನಗೆ ಬೇಡ.

ಟ್ರಂಕಿನಲ್ಲಿ ಏನಿತ್ತೆಂದು ನೀವು ಹೇಳಲಿಲ್ಲ, ಆದರೂ ನನಗೆ ತಿಳಿಯಿತು. ಯಂತ್ರ ತಪ್ಪು ಹೇಳಿದಾಗ ಅದನ್ನು ಒಪ್ಪಿಕೊಳ್ಳುವುದು ನಮ್ಮ ಕೆಲಸದಲ್ಲಿ ಕಷ್ಟವಲ್ಲ, ನಾವೇ ಬರೆದುಕೊಟ್ಟ ವರದಿ ತಪ್ಪೆಂದು ಗೊತ್ತಾದಾಗ ಕಷ್ಟ. ನಾನೂ ಒಂದು ಸಲ ಎರಡು ದಿನ ಮುಚ್ಚಿಟ್ಟಿದ್ದೆ. ಆ ಎರಡು ದಿನ ಒಬ್ಬರಿಗೆ ಬೇಡದ ಔಷಧಿ ಹೋಯಿತು. ಇವತ್ತಿಗೂ ಅವರ ಮುಖ ಮರೆತಿಲ್ಲ.

ಅವರು ಅಲ್ಲಿ ಕಳ್ಳಿ ಎನ್ನಿಸಿಕೊಂಡು ಬಿಸಿಲಿನಲ್ಲಿ ಕೂತಿದ್ದಾರೆ. ಇಂದಿಗೆ ನಲವತ್ತೊಂದು ದಿನ.

ಸೂಜಿ


ಮೇ 14

ಪ್ರಿಯರೇ,

ಇಷ್ಟು ದಿನದಲ್ಲಿ ಎರಡು ಕಾಗದ ಬರೆದು ಹರಿದೆ. ಇದನ್ನು ಹರಿಯುವ ಮೊದಲು ಅಂಚೆಗೆ ಹಾಕಿಸುತ್ತೇನೆ.

ಏಪ್ರಿಲ್ ಆರರಂದು ಟ್ರಂಕು ತೆಗೆಸಿದೆ. ನೆಲದ ಮೇಲೆ ಕೂತು, ಒಂದು ಕಡೆ ಪೆನ್ಸಿಲ್ ಪ್ರತಿ, ಇನ್ನೊಂದು ಕಡೆ ಅಚ್ಚಾದ ಪುಸ್ತಕ ಇಟ್ಟುಕೊಂಡು, ಭೂತಗನ್ನಡಿ ಹಿಡಿದು ಓದಿದೆ. ಮೂರನೆಯ ಪುಸ್ತಕದಲ್ಲಿ ಚಿಕ್ಕಮ್ಮ ಹನ್ನೊಂದು ಬಾಗಿಲು ತೆಗೆಯುತ್ತಾಳೆ. ಹನ್ನೊಂದರಲ್ಲೂ ನನ್ನ ಕೈಬರಹದ ಚಿಕ್ಕಮ್ಮ ನೇರ ಒಳಗೆ ಹೋಗುತ್ತಾಳೆ. ಒಂದು ಸಲವೂ ಕೇಳುವುದಿಲ್ಲ. ನಾಲ್ಕನೆಯದು ನೋಡಿದೆ, ಐದನೆಯದು ನೋಡಿದೆ. ಸೊಂಟ ಹಿಡಿದುಕೊಂಡು, ಎಬ್ಬಿಸಲು ತಮ್ಮನ ಹೆಂಡತಿ ಬರಬೇಕಾಯಿತು. ಒಂಬತ್ತನೆಯದರ ಕೊನೆಯ ಅಧ್ಯಾಯವನ್ನು ನಾನು ಕಣ್ಣಿನ ಶಸ್ತ್ರಚಿಕಿತ್ಸೆಯಾದ ವಾರ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೀಚಿದ್ದೆ. ಅದರಲ್ಲಿ ಚಿಕ್ಕಮ್ಮ ಬೀಗ ತೆಗೆದು ಒಳಗೆ ನುಗ್ಗುತ್ತಾಳೆ, ಅಕ್ಕನ ಮಗಳು ಅವಳ ಕುತ್ತಿಗೆಗೆ ಬಿದ್ದು ಅಳುತ್ತಾಳೆ, ಮುಗಿಯಿತು. ಟೈಪಾದ ಪ್ರತಿಯನ್ನು ಮೂರು ವಾರದ ಮೇಲೆ ಓದಿ, ಒಂದೇ ಕಣ್ಣಿನಲ್ಲೂ ಎಷ್ಟು ಚೆನ್ನಾಗಿ ಬರೆದೆನಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ಅವಳ ಬೆರಳು ಮುರಿಯಬೇಕೆನ್ನಿಸಿತು. ಆಮೇಲೆ ಭಯ. ಪ್ರಶಸ್ತಿಯ ವೇದಿಕೆ, ಗಂಡನ ಸಾವು, ಜನರ ಕಣ್ಣೀರು ಎಲ್ಲ ಒಟ್ಟಿಗೆ ನೆನಪಾಗಿ, ಟ್ರಂಕಿಗೆ ಬೆಂಕಿ ಹಾಕಿಬಿಡೋಣವೇ ಎಂದೂ ಯೋಚಿಸಿದೆ. ಏಪ್ರಿಲ್‌ನಲ್ಲಿ ನಿಮಗೆ ಬರೆದ ಕೊನೆಯ ಕಾಗದ ಆ ಭಯದ್ದು. ನೀವು ಕಥೆ ತೆಗೆದಿರೆಂದು ತಿಳಿದ ದಿನ ನನಗೆ ಕೆನ್ನೆಗೆ ಹೊಡೆದಂತಾಯಿತು.

ಮೊನ್ನೆ ಸೋಮವಾರ ಅವಳ ಕೊಡೆಯ ಹತ್ತಿರ ಹೋದೆ. ಅವಳು ಎದ್ದು ತನ್ನ ಕುರ್ಚಿಯನ್ನು ನನಗೆ ಕೊಟ್ಟಳು. ನಾನು ಕೂತುಬಿಟ್ಟೆ, ಅಭ್ಯಾಸ.

"ಯಾಕೆ ಹೌದು ಅಂದೆ?" ಎಂದು ಕೇಳಿದೆ.

"ಚಿಕ್ಕಮ್ಮನ ಮೇಲೆ ಕೈ ಹಾಕಿದ್ದೀಯಾ ಅಂತ ಕೇಳಿದ್ರಿ. ಹಾಕಿದ್ದೆನಲ್ಲಮ್ಮಾ. ಕೊನೆಗೂ ಗೊತ್ತಾಯ್ತು ಅಂದ್ಕೊಂಡೆ. ಇಷ್ಟು ವರ್ಷ ಹೆದರ್ಕೊಂಡೇ ಇದ್ದೆ, ಆವತ್ತು ಒಂಥರಾ ಹಗುರ ಆಯ್ತು."

"ನಾನು ಕೇಳಿದ್ದು ಆ ಹುಡುಗಿಗೆ ಕಳಿಸಿದ್ದೀಯಾ ಅಂತ."

"ಯಾವ ಹುಡುಗಿ?" ಎಂದಳು.

ಒಂದು ಪ್ರಶ್ನೆಯನ್ನು ಪೂರ್ತಿ ಕೇಳುವಷ್ಟು ತಾಳ್ಮೆ ನನಗಿದ್ದಿದ್ದರೆ ಇವಳು ಇಲ್ಲಿ ಇರುತ್ತಿರಲಿಲ್ಲ. ಮೊದಲ ಸಲ ಏಕೆ ಹಾಗೆ ಮಾಡಿದೆಯೆಂದು ಕೇಳಿದೆ.

"ಸೇರಿ ಒಂದು ವಾರ ಆಗಿತ್ತು. ಒಂದು ಪುಟದ ಮೇಲೆ ನೀವು ಕಾಫಿ ಚೆಲ್ಲಿದ್ರಿ, ಎರಡು ಸಾಲು ಅಳಿಸಿಹೋಗಿತ್ತು. ಕೇಳೋಕೆ ಭಯ. ಬಾಗಿಲು ತೆಗೆದವಳು ಏನಂದಿರಬಹುದು ಅಂತ ಯೋಚಿಸಿ ಒಂದು ಮಾತು ಹಾಕಿದೆ. ಮಾರನೇ ದಿನ ನೀವು ಓದಿ, 'ಈ ಮಾತು ಎಷ್ಟು ಚೆನ್ನಾಗಿ ಬಂದಿದೆ ನೋಡೇ' ಅಂದ್ರಿ. ಆಮೇಲೆ ಹೇಗೆ ಹೇಳಲಿ? ಆಮೇಲಿಂದ ಅವಳು ಕೇಳದೆ ಒಳಗೆ ಹೋದ್ರೆ ನನಗೇ ಸರಿ ಹೋಗ್ತಿರಲಿಲ್ಲ. ಎಂಟನೇದರಲ್ಲಿ ನೀವು ಅವಳ ಕೈಲಿ ಬೀರು ತೆಗೆಸಿದ್ರಿ. ಅದನ್ನ ಬದಲಾಯಿಸಿದ್ರೆ ಕಥೆಯೇ ಬಿದ್ದೋಗ್ತಿತ್ತು. ಅಳ್ತಾ ಟೈಪ್ ಮಾಡಿದೆ."

ವಾಪಸು ಬಾ ಎಂದೆ. ಬರುವುದಿಲ್ಲ ಎಂದಳು. ಅವಳು ಕೇಳಿದ್ದು ಒಂದೇ. "ನಾನು ಕದ್ದು ಕಳಿಸಿಲ್ಲ ಅಂತ ಅವರಿಗೆಲ್ಲ ಹೇಳಿ. ಬಾಕಿ ಕರಡು ಕೊಡೋಕೆ ಪ್ರಕಾಶಕರ ಕಚೇರಿಗೆ ಹೋದಾಗ ಕಾವಲಿನವನು ನನ್ನ ಚೀಲ ಬಿಚ್ಚಿಸಿ ನೋಡಿದ. ಅವನ ಮಗಳ ಮದುವೆ ಪತ್ರ ಟೈಪ್ ಮಾಡಿಕೊಟ್ಟವಳು ನಾನು."

ಜೂನ್ ಐದರಂದು ಪ್ರಕಾಶಕರ ಓದುಗರ ಸಭೆಯಿದೆ. ಎಲ್ಲರೂ ಬರುತ್ತಾರೆ. ಎರಡು ಪ್ರತಿಗಳನ್ನೂ ಕೈಯಲ್ಲಿ ಹಿಡಿದು, ನಡೆದದ್ದನ್ನು ಹಾಗೆಯೇ ಹೇಳುತ್ತೇನೆ. ನೀವೂ ಬನ್ನಿ. ನಾನು ಹಿಂಜರಿದರೆ ಎದ್ದು ನಿಲ್ಲಿ.

ಲೇಖಕಿ


ಜೂನ್ 8

ಅಮ್ಮಾ,

ಬಂದಿದ್ದೆ. ಕೊನೆಯ ಸಾಲಿನಲ್ಲಿ ನಿಮ್ಮ ಟೈಪಿಸ್ಟ್ ಪಕ್ಕದಲ್ಲೇ ಕೂತು, ನಾನು ಯಾರೆಂದು ಅವರಿಗೆ ಹೇಳಿದ್ದೆ. ನೀವು ಹಿಂಜರಿಯಲಿಲ್ಲ. ಪೆನ್ಸಿಲ್ ಪುಟ ಎತ್ತಿ ಹಿಡಿದು, "ಇದು ನನ್ನದು", ಅಚ್ಚಿನ ಪುಟ ತೋರಿಸಿ, "ಇದು ಅವಳದು" ಎಂದು ಸ್ಪಷ್ಟವಾಗಿಯೇ ಹೇಳಿದಿರಿ. ಅವರು ಕದ್ದಿಲ್ಲವೆಂದೂ ಹೇಳಿದಿರಿ. ನನ್ನ ಕೈ ಅವರ ಕೈಯಲ್ಲಿತ್ತು.

ಆಮೇಲೆ ನಡೆದದ್ದು ನಿಮಗೆ ಅಲ್ಲಿಂದ ಕಾಣಿಸಿತೋ ಇಲ್ಲವೋ. ನಮ್ಮ ಮುಂದಿನ ಸಾಲಿನವರು, "ಪಾಪ, ಎಷ್ಟು ದೊಡ್ಡ ಮನಸ್ಸು ನೋಡಿ, ಟೈಪಿಸ್ಟಿಗೂ ಪಾಲು ಕೊಡ್ತಾರೆ" ಎಂದರು. ಸಭೆಯ ಅಧ್ಯಕ್ಷರು ಎದ್ದು, ಇಂಥ ವಿನಯ ದೊಡ್ಡ ಕಲಾವಿದರಿಗೆ ಮಾತ್ರ ಸಾಧ್ಯ ಎಂದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನೀವು ಕೈ ಮುಗಿದಿರಿ.

ಅವರು, "ನೀರು ಕುಡಿದು ಬರ್ತೀನಿ" ಎಂದು ಎದ್ದು ಹೋದರು, ಮತ್ತೆ ಬರಲಿಲ್ಲ. ಬಾಗಿಲಿನ ಹತ್ತಿರ ಚಪ್ಪಾಳೆ ತಟ್ಟುತ್ತಿದ್ದ, ಅವರ ಚೀಲ ಬಿಚ್ಚಿಸಿದ ಅದೇ ಕಾವಲಿನವನು ಅವರಿಗೆ ದಾರಿ ಬಿಡುವುದಕ್ಕೂ ನಿಲ್ಲಿಸಲಿಲ್ಲ. ಮಾರನೆಯ ದಿನದ ಪತ್ರಿಕೆಯಲ್ಲಿ ನಿಮ್ಮ ಚಿತ್ರ ದೊಡ್ಡದಾಗಿ ಬಂದಿದೆ. ಅವರನ್ನು 'ಸಹಾಯಕಿ' ಎಂದು ಕರೆದಿದ್ದಾರೆ.

ನೀವು ನಿಜ ಹೇಳಿದಿರಿ, ಚಪ್ಪಾಳೆಯೂ ನಿಮಗೇ ಬಿತ್ತು. ಅದನ್ನು ನೀವು ತಡೆಯಲಿಲ್ಲ. ನನಗೆ ತುಂಬ ನೋವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸೂಜಿ


ಜುಲೈ 3

ಪ್ರಿಯರೇ,

ತಡೆಯಬೇಕೆಂದು ಹೊಳೆಯಲಿಲ್ಲ. ಹಿತವಾಗಿತ್ತು. ನಿಮ್ಮ ಕಾಗದ ಓದಿದ ಮೇಲೆ ಆ ಹಿತ ನೆನೆದು ನನಗೆ ಅಸಹ್ಯವಾಯಿತು.

ಒಂಬತ್ತನೆಯ ಪುಸ್ತಕವನ್ನು ಇಬ್ಬರ ಹೆಸರಿನಲ್ಲಿ ಹಾಕಿ ಎಂದು ಪ್ರಕಾಶಕರಿಗೆ ಹೇಳಿದೆ. ಓದುಗರಿಗೆ ಗೊಂದಲವಾಗುತ್ತದೆ, ಹಿಂದಿನ ಎಂಟಕ್ಕೂ ತಕರಾರು ಹುಟ್ಟುತ್ತದೆ, ಬೇಕಾದರೆ ಮುನ್ನುಡಿಯಲ್ಲಿ ಕೃತಜ್ಞತೆ ಹೇಳಿ ಎಂದರು. ನನ್ನ ತಮ್ಮನೂ ಅವರ ಕಡೆಯೇ. ಹಾಗಿದ್ದರೆ ನಾನು ಅದನ್ನು ಕೊಡುವುದೇ ಇಲ್ಲ ಎಂದುಬಿಟ್ಟೆ. ಪೆನ್ಸಿಲ್ ಪ್ರತಿ, ಟೈಪಾದ ಪ್ರತಿ ಎರಡನ್ನೂ ಅವಳಿಗೇ ಕೊಟ್ಟು ಬಂದೆ. ನಿನ್ನ ಇಷ್ಟ ಬಂದಂತೆ ಮಾಡು ಎಂದೆ.

ಅವಳು ಒಂದು ವಾರ ಬಿಟ್ಟು ಮನೆಗೆ ಬಂದಳು. ಕುರ್ಚಿಯ ತುದಿಯಲ್ಲಿ ಕೂತು, "ಅಮ್ಮಾ, ಆ ಹುಡುಗಿ ಕಥೆ ಹಾಕ್ತಿದ್ದ ಕಡೆ ನಾನೂ ಹಾಕಬಹುದಾ? ನಿಮ್ಮ ಅಪ್ಪಣೆ ಬೇಕು" ಎಂದಳು. ಇಪ್ಪತ್ತಮೂರು ವರ್ಷ ಕೇಳದೆ ಬರೆದವಳು ಈಗ ಕೇಳಿದಳು, ಮತ್ತೆ ಕಳ್ಳಿ ಅನ್ನಿಸಿಕೊಳ್ಳುವ ಭಯಕ್ಕೆ. ಅಂಥ ಭಯ ಹುಟ್ಟಿಸಿದವಳು ನಾನು. ಹಾಕು ಎಂದೆ.

ನಿನ್ನೆ ಮೊದಲ ಅಧ್ಯಾಯ ಬಂದಿದೆ. ತನ್ನ ಪೂರ್ತಿ ಹೆಸರು ಹಾಕಿಕೊಂಡಿದ್ದಾಳೆ. ತಮ್ಮನ ಹೆಂಡತಿಯ ಫೋನಿನಲ್ಲಿ ಓದಿದೆ. ಕಥೆಯ ನೆತ್ತಿಯ ಮೇಲೆ ಒಂದು ಸಾಲಿದೆ. "ಈ ಕಥೆಯಲ್ಲಿ ಬರುವ ಕೀಲಿ ಚಿಕ್ಕಮ್ಮ ನನ್ನವಳಲ್ಲ. ಅವಳು ಮೂಲ ಲೇಖಕಿಗೆ ಸೇರಿದವಳು." ಇನ್ನೊಬ್ಬರ ಪಾತ್ರವಿಟ್ಟು ಬರೆಯುವವರೆಲ್ಲ ಅಲ್ಲಿ ಹೀಗೊಂದು ಸಾಲು ಹಾಕಲೇಬೇಕಂತೆ, ಹಾಕದಿದ್ದರೆ ಕಥೆಯನ್ನು ಒಳಗೆ ಬಿಡುವುದೇ ಇಲ್ಲವಂತೆ. ಅವಳ ಬೆರಳುಗಳು ಆ ಸಾಲನ್ನು ಹೇಗೆ ಒತ್ತಿದವೋ ನನಗೆ ಊಹಿಸಲಾಗುತ್ತಿಲ್ಲ. ನಾನಾಗಿದ್ದರೆ ಯಂತ್ರವನ್ನೇ ಎತ್ತಿ ಒಗೆಯುತ್ತಿದ್ದೆ.

ಕಥೆಯ ಕೆಳಗೆ ಓದುಗರು ಬರೆಯುವ ಜಾಗದಲ್ಲಿ ನನ್ನ ಹೆಸರು ಹಾಕಿ, "ಮೇಲಿನ ಸಾಲು ಸುಳ್ಳು. ಚಿಕ್ಕಮ್ಮ ಇವಳವಳೇ" ಎಂದು ಬರೆದೆ. ಸಂಜೆಯೊಳಗೆ ತೆಗೆದುಹಾಕಿದರು. ಯಾರೋ ಲೇಖಕಿಯ ಹೆಸರಿನಲ್ಲಿ ಕಿಡಿಗೇಡಿತನ ಮಾಡುತ್ತಿದ್ದಾರೆ ಎಂದು ಎಚ್ಚರಿಕೆಯನ್ನೂ ಹಾಕಿದ್ದಾರೆ. ನಾನೇ ಎಂದು ಎರಡು ಸಲ ಬರೆದೆ. ನಂಬುವವರಿಲ್ಲ. ಅವಳ ಕಥೆಯ ಕೆಳಗೆ ಈಗ ಉಳಿದಿರುವುದು ಒಬ್ಬರ ಮಾತು ಮಾತ್ರ. "ಪ್ರಯತ್ನ ಚೆನ್ನಾಗಿದೆ, ಆದರೆ ಮೂಲ ಲೇಖಕಿಯ ಚಿಕ್ಕಮ್ಮನ ಗತ್ತು ಇಲ್ಲ."

ಅಲ್ಲಿ ನಿಮ್ಮನ್ನು ಎಲ್ಲರೂ ಬಲ್ಲರು, ನಿಮ್ಮ ಮಾತು ನಡೆಯುತ್ತದೆ. ದಯವಿಟ್ಟು ಇವತ್ತೇ ಹೋಗಿ ನನ್ನ ಪರವಾಗಿ ಬರೆಯಿರಿ. ಚಿಕ್ಕಮ್ಮನಿಗೆ ಮನುಷ್ಯರ ಮಾತು ಕೊಟ್ಟವಳು ಇವಳು ಎಂದು, ಮೂಲ ಲೇಖಕಿಯೇ ಹಾಗೆ ಹೇಳಿದ್ದಾಳೆಂದು ಬರೆಯಿರಿ. ನನ್ನ ಮಾತಿನಲ್ಲೇ ಇರಬೇಕೆಂದಿಲ್ಲ. ನಿಮಗೆ ಹೊಳೆದಂತೆ ತಿದ್ದಿಕೊಳ್ಳಿ.

ಲೇಖಕಿ